ಅನುಮಾನದ ಮೇಲೆ ವಿಮಾನದಿಂದ ಇಳಿಸಿದ ಪ್ರಯಾಣಿಕನಿಗೆ ಕೊನೆಗೆ ಉತ್ತರ ಹೇಳುವವರು ಯಾರು?

ಚರ್ಚೆ ಆರಂಭಿಸಿದವರು, ಮಂಗಳೂರು

2022ರ ಆಗಸ್ಟ್ 14ರಂದು, ಅಂದರೆ ಸ್ವಾತಂತ್ರ್ಯ ದಿನದ ಮುನ್ನಾದಿನ, ನಮ್ಮ ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದಿಂದ ಮುಂಬೈಗೆ ಹೊರಟಿದ್ದ ವಿಮಾನವೊಂದು ಸುಮಾರು ಆರು ಗಂಟೆ ತಡವಾಗಿ ಹಾರಿತು. ಪ್ರಯಾಣಿಕನೊಬ್ಬನ ಮೊಬೈಲಿನಲ್ಲಿದ್ದ ಸಂದೇಶವೊಂದು ಸಹಪ್ರಯಾಣಿಕ ಮಹಿಳೆಯೊಬ್ಬರ ಕಣ್ಣಿಗೆ ಬಿದ್ದಿತ್ತು. ಅವರು ಗಾಬರಿಯಿಂದ ಸಿಬ್ಬಂದಿಗೆ ತಿಳಿಸಿದರು, ಸಿಬ್ಬಂದಿ ನಿಯಂತ್ರಣ ಗೋಪುರಕ್ಕೆ ತಿಳಿಸಿದರು, ಹಾರಲು ಸಿದ್ಧವಾಗಿದ್ದ ವಿಮಾನ ಮರಳಿ ತನ್ನ ಜಾಗಕ್ಕೆ ಬಂತು. ಎಲ್ಲರನ್ನೂ ಇಳಿಸಿ, ಎಲ್ಲರ ಸಾಮಾನನ್ನೂ ಬಿಚ್ಚಿ ನೋಡಿದ ಮೇಲೆ ಗೊತ್ತಾದದ್ದು ಇಷ್ಟೇ: ಆ ಯುವಕ ಅದೇ ನಿಲ್ದಾಣದಲ್ಲಿ ಬೆಂಗಳೂರಿನ ವಿಮಾನಕ್ಕೆ ಕಾಯುತ್ತಿದ್ದ ತನ್ನ ಗೆಳತಿಯೊಂದಿಗೆ ಭದ್ರತೆಯ ವಿಷಯವನ್ನೇ ಹಿಡಿದು ತಮಾಷೆಗೆ ಹರಟುತ್ತಿದ್ದ. ಸಂಜೆ ಐದರ ಹೊತ್ತಿಗೆ 185 ಮಂದಿಯನ್ನು ಹೊತ್ತು ವಿಮಾನ ಹೋಯಿತು. ಅವನನ್ನು ವಿಚಾರಣೆಗೆ ಉಳಿಸಿಕೊಂಡರು. ಗೆಳತಿಗೆ ಬೆಂಗಳೂರಿನ ವಿಮಾನ ತಪ್ಪಿತು.

ವಿಮಾನದಲ್ಲಿ ಬಾಂಬಿನ ಮಾತನ್ನು ತಮಾಷೆಗೂ ಆಡಬಾರದು ಎಂಬುದನ್ನು ನಾನು ಒಪ್ಪುತ್ತೇನೆ. ಆ ಮಹಿಳೆ ಹೆದರಿದ್ದನ್ನೂ ತಪ್ಪೆನ್ನಲಾರೆ. ಆದರೆ ಆ ಮಾತು ಆಡಿದ್ದು ಸಾರ್ವಜನಿಕವಾಗಿ ಅಲ್ಲ, ಇಬ್ಬರು ಸ್ನೇಹಿತರ ನಡುವೆ. ಅದನ್ನು ಇಣುಕಿ ಓದಿದ ಒಂದು ಕ್ಷಣದಿಂದ ಇಡೀ ವಿಮಾನ ಖಾಲಿಯಾಗುವ ತನಕ ನಡುವೆ ಒಬ್ಬರಾದರೂ ಆ ಯುವಕನ ಬಳಿ ಹೋಗಿ, ಸಮಾಧಾನದಿಂದ, ಆ ಸಂದೇಶವನ್ನು ಮೊದಲಿನಿಂದ ಕೊನೆಯವರೆಗೆ ಓದಿ ನೋಡುವ ಹಂತವೊಂದು ಇರಬೇಕಿತ್ತಲ್ಲವೇ ಎಂಬುದು ನನ್ನ ಪ್ರಶ್ನೆ.

ಇದು ನಮ್ಮ ಊರಿಗಷ್ಟೇ ಸೇರಿದ ಮಾತಲ್ಲ. 2006ರ ಆಗಸ್ಟ್ 23ರಂದು ಆಮ್‌ಸ್ಟರ್‌ಡ್ಯಾಮಿನಿಂದ ಮುಂಬೈಗೆ ಹೊರಟ ನಾರ್ತ್‌ವೆಸ್ಟ್ ಸಂಸ್ಥೆಯ ವಿಮಾನವನ್ನು ಡಚ್ ವಾಯುಪಡೆಯ ಎಫ್-16 ಯುದ್ಧವಿಮಾನಗಳ ಕಾವಲಿನಲ್ಲಿ ಸ್ಕಿಪೋಲ್ ನಿಲ್ದಾಣಕ್ಕೆ ವಾಪಸು ಕರೆತಂದರು. 149 ಪ್ರಯಾಣಿಕರಲ್ಲಿ 12 ಮಂದಿ ಭಾರತೀಯರನ್ನು ಬಂಧಿಸಲಾಯಿತು. ಅವರು ಸೀಟು ಬಿಟ್ಟು ಓಡಾಡಿದರು, ಮೊಬೈಲುಗಳನ್ನು ಒಬ್ಬರಿಂದೊಬ್ಬರಿಗೆ ಕೊಟ್ಟುಕೊಂಡರು ಎಂಬುದು ಅನುಮಾನದ ಮೂಲ. ದ್ರವ ಸ್ಫೋಟಕದ ಲಂಡನ್ ಸಂಚು ಬಯಲಾಗಿ ಆಗ ಎರಡೇ ವಾರವಾಗಿತ್ತು, ಮುಂಬೈ ರೈಲು ಸ್ಫೋಟಗಳಾಗಿ ಆರು ವಾರ. ಮರುದಿನ ಹನ್ನೆರಡೂ ಮಂದಿಯನ್ನು ಬಿಟ್ಟುಬಿಟ್ಟರು, ಏಕೆಂದರೆ ಯಾವ ಪುರಾವೆಯೂ ಇರಲಿಲ್ಲ. ಒಟ್ಟಾಗಿ ಊರಿಗೆ ಮರಳುವ ಸ್ನೇಹಿತರು ವಿಮಾನದಲ್ಲಿ ಮಾಡುವುದನ್ನೇ ಅವರೂ ಮಾಡಿದ್ದರು. ನಮ್ಮ ಕಡೆಯ ಮದುವೆ ದಿಬ್ಬಣ ವಿಮಾನ ಹತ್ತಿದರೂ ಅದನ್ನೇ ಮಾಡೀತು.

ಇಂಥ ಸಂದರ್ಭಗಳಲ್ಲಿ ಬಿಡುಗಡೆಯಾದ ನಂತರ ಏನಾಗುತ್ತದೆ, ಆಗಬೇಕಾದದ್ದೇನು ಎಂಬುದನ್ನು ತಿಳಿದವರು ಬರೆಯಬೇಕೆಂದು ಕೋರುತ್ತೇನೆ.

ನಿವೃತ್ತ ಭದ್ರತಾ ಅಧಿಕಾರಿ, ಮೈಸೂರು

ಸೇವೆಯ ಕೊನೆಯ ಒಂಬತ್ತು ವರ್ಷಗಳನ್ನು ನಾನು ವಿಮಾನ ನಿಲ್ದಾಣಗಳ ಭದ್ರತೆಯಲ್ಲಿ ಕಳೆದಿದ್ದೇನೆ. ಆದ್ದರಿಂದ ಇನ್ನೊಂದು ಬದಿಯನ್ನು ಹೇಳಲೇಬೇಕು.

1985ರ ಜೂನ್ 23ರಂದು ಏರ್ ಇಂಡಿಯಾದ ಕನಿಷ್ಕ ವಿಮಾನ ಐರ್ಲೆಂಡಿನ ಬಳಿ ಸಮುದ್ರದ ಮೇಲೆ ಸ್ಫೋಟಗೊಂಡು 329 ಮಂದಿ ಸತ್ತರು. 1999ರ ಡಿಸೆಂಬರ್ 24ರಂದು ಕಾಠ್ಮಂಡುವಿನಿಂದ ಹೊರಟ ಇಂಡಿಯನ್ ಏರ್‌ಲೈನ್ಸ್‌ನ ಐಸಿ-814 ವಿಮಾನದ ಅಪಹರಣವಾಯಿತು. ಅದರ ಬೆನ್ನಿಗೇ, 2000ದಿಂದ, ನಮ್ಮ ನಿಲ್ದಾಣಗಳ ಭದ್ರತೆಯನ್ನು ಒಂದೊಂದಾಗಿ ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆಗೆ, ಅಂದರೆ ಸಿಐಎಸ್‌ಎಫ್‌ಗೆ ವಹಿಸಿದರು. ಈ ಎರಡು ಘಟನೆಗಳನ್ನು ತರಬೇತಿಯ ಮೊದಲ ದಿನವೇ ನಮಗೆ ಕಲಿಸುತ್ತಾರೆ. ಕಾವಲುಗಾರ ಒಂದು ಸಲ ಕಣ್ಣು ತಪ್ಪಿಸಿದರೆ ಏನಾಗುತ್ತದೆಂಬ ಭಯವನ್ನು ಹೊತ್ತುಕೊಂಡೇ ಅವನು ಎಂಟು ಗಂಟೆ ನಿಂತಿರುತ್ತಾನೆ. ಸಂದೇಹ ಬಂದಾಗ ತಡೆದು ನಿಲ್ಲಿಸಿದವನನ್ನು ಯಾರೂ ಅಮಾನತು ಮಾಡುವುದಿಲ್ಲ, ಬಿಟ್ಟವನನ್ನು ಮಾಡುತ್ತಾರೆ. ಇದು ವೈಯಕ್ತಿಕ ದ್ವೇಷವಲ್ಲ, ನೌಕರಿಯ ಸ್ವರೂಪ.

ಜೊತೆಗೆ 2024ರ ಅಕ್ಟೋಬರನ್ನು ನೆನೆಯಿರಿ. ಸಾಮಾಜಿಕ ಜಾಲತಾಣಗಳ ಮೂಲಕ ಕೆಲವೇ ವಾರಗಳಲ್ಲಿ ನೂರಾರು ವಿಮಾನಗಳಿಗೆ ಹುಸಿ ಬೆದರಿಕೆಗಳು ಬಂದವು. ಒಂದೂ ನಿಜವಾಗಿರಲಿಲ್ಲ. ಆದರೂ ಪ್ರತಿಯೊಂದನ್ನೂ ಪರಿಶೀಲಿಸಬೇಕಾಯಿತು. ಹುಸಿ ಎಂದು ಊಹಿಸಿ ಬಿಡುವ ಅಧಿಕಾರ ಯಾರಿಗಿದೆ?

ಚರ್ಚೆ ಆರಂಭಿಸಿದವರು, ಮಂಗಳೂರು

ಹಿರಿಯರ ಮಾತಿನಲ್ಲಿರುವ ಭಯವನ್ನು ನಾನು ಹಗುರವಾಗಿ ಕಾಣುತ್ತಿಲ್ಲ. 2020ರ ಜನವರಿ 20ರಂದು ನಮ್ಮ ನಿಲ್ದಾಣದಲ್ಲೇ ವಾರಸುದಾರರಿಲ್ಲದ ಚೀಲವೊಂದರಲ್ಲಿ ನಿಜವಾದ ಸ್ಫೋಟಕ ಸಿಕ್ಕಿತ್ತು. ಅದನ್ನು ಗುರುತಿಸಿದವರು ಸಿಐಎಸ್‌ಎಫ್ ಸಿಬ್ಬಂದಿಯೇ. ಅದನ್ನು ಬಯಲಿಗೆ ಒಯ್ದು ಸ್ಫೋಟಿಸಿದ ಸದ್ದನ್ನು ಟಿವಿಯಲ್ಲಿ ಕೇಳಿದ ನನಗೆ ಆ ಸಂಜೆ ಇನ್ನೂ ನೆನಪಿದೆ. ನಂತರದ ಎರಡು ದಿನ ಬಸ್ಸಿನಲ್ಲಿ, ಹೋಟೆಲಿನಲ್ಲಿ ನಾನು ಕೇಳಿದ ಮಾತುಗಳೆಲ್ಲ ಒಂದೇ ಸಮುದಾಯದ ಕಡೆಗೆ ಬೆರಳು ತೋರಿಸುತ್ತಿದ್ದವು. 22ರಂದು ಬೆಂಗಳೂರಿನಲ್ಲಿ ಪೊಲೀಸರಿಗೆ ಶರಣಾದವನು ಮಣಿಪಾಲದ ಎಂಜಿನಿಯರಿಂಗ್ ಪದವೀಧರ. ಬೆಂಗಳೂರು ನಿಲ್ದಾಣಕ್ಕೆ ಹುಸಿ ಬಾಂಬ್ ಕರೆ ಮಾಡಿ ಹಿಂದೆಯೇ ಜೈಲಿಗೆ ಹೋಗಿಬಂದವನು. ಅವನಿಗೆ 2022ರಲ್ಲಿ 20 ವರ್ಷ ಶಿಕ್ಷೆಯಾಯಿತು.

ಇಲ್ಲಿ ಗಮನಿಸಬೇಕಾದದ್ದು, ಸಿಬ್ಬಂದಿ ನೋಡಿದ್ದು ಚೀಲವನ್ನು, ಮುಖವನ್ನಲ್ಲ. ಕನಿಷ್ಕದ ವಿಷಯದಲ್ಲೂ ಹಾಗೆಯೇ. ವ್ಯಾಂಕೂವರಿನಲ್ಲಿ ಒಪ್ಪಿಸಿದ ಪೆಟ್ಟಿಗೆ ವಿಮಾನ ಹತ್ತಿತು, ಪೆಟ್ಟಿಗೆಯ ಒಡೆಯ ಹತ್ತಲಿಲ್ಲ. ಟೊರಾಂಟೊದಲ್ಲಿ ಎಕ್ಸ್-ರೇ ಯಂತ್ರ ಕೆಟ್ಟು ನಿಂತಿದ್ದರಿಂದ ಉಳಿದ ಚೀಲಗಳನ್ನು ಕೈ ಸಾಧನದಿಂದ ತಪಾಸಣೆ ಮಾಡಿ ಕಳಿಸಿದರು. ಪ್ರಯಾಣಿಕನಿಲ್ಲದೆ ಅವನ ಸಾಮಾನು ಹಾರಬಾರದೆಂಬ ಒಂದು ನಿಯಮವನ್ನು ಪಾಲಿಸಿದ್ದರೆ ಸಾಕಿತ್ತು. 2009ರ ಕ್ರಿಸ್ಮಸ್ ದಿನ ಡೆಟ್ರಾಯಿಟ್ ವಿಮಾನದಲ್ಲಿ ಒಳಉಡುಪಿನಲ್ಲಿ ಸ್ಫೋಟಕ ಅಡಗಿಸಿಕೊಂಡು ಹೋದ ಯುವಕನ ಬಗ್ಗೆ ಅವನ ತಂದೆಯೇ ಹಿಂದಿನ ತಿಂಗಳು ನೈಜೀರಿಯಾದ ಅಮೆರಿಕ ರಾಯಭಾರ ಕಚೇರಿಗೆ ಹೋಗಿ ಎಚ್ಚರಿಸಿದ್ದರು. ಖಚಿತ ಮಾಹಿತಿ ಮೇಜಿನ ಮೇಲಿದ್ದಾಗ ಅದು ಕೆಲಸಕ್ಕೆ ಬರಲಿಲ್ಲ. ಹಾಗಿರುವಾಗ ಅರಬಿ ಮಾತನಾಡಿದವರನ್ನು, ಗಡ್ಡ ಬಿಟ್ಟವರನ್ನು ಇಳಿಸುವುದರಿಂದ ಯಾವ ಲೋಪ ತುಂಬಿದಂತಾಯಿತು?

ಸಂಖ್ಯಾಶಾಸ್ತ್ರದ ಉಪನ್ಯಾಸಕರು, ಬೆಂಗಳೂರು

ಮುಖ ನೋಡಿ ಹೇಳುವುದರ ಬಗ್ಗೆ ಒಂದು ಲೆಕ್ಕ. ಅಮೆರಿಕದ ಸಾರಿಗೆ ಭದ್ರತಾ ಆಡಳಿತ, ಅಂದರೆ ಟಿಎಸ್‌ಎ, ಪ್ರಯಾಣಿಕರ ನಡವಳಿಕೆಯನ್ನು ಗಮನಿಸಿ ಅಪಾಯಕಾರಿಗಳನ್ನು ಗುರುತಿಸಲೆಂದೇ ಸಾವಿರಾರು ಸಿಬ್ಬಂದಿಯನ್ನು ನೇಮಿಸಿತ್ತು. 2007ರಿಂದ ಸುಮಾರು 90 ಕೋಟಿ ಡಾಲರ್ ಖರ್ಚಾದ ಮೇಲೆ, 2013ರ ನವೆಂಬರಿನಲ್ಲಿ ಅಲ್ಲಿನ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ ವರದಿ ಕೊಟ್ಟಿತು. 60 ವರ್ಷಗಳ 400ಕ್ಕೂ ಹೆಚ್ಚು ಅಧ್ಯಯನಗಳನ್ನು ಒಳಗೊಂಡ ವಿಶ್ಲೇಷಣೆಗಳನ್ನು ಪರಿಶೀಲಿಸಿದ ಆ ವರದಿಯ ಪ್ರಕಾರ, ಹಾವಭಾವ ನೋಡಿ ಮೋಸವನ್ನು ಪತ್ತೆಹಚ್ಚುವ ಮನುಷ್ಯನ ಸಾಮರ್ಥ್ಯ ನಾಣ್ಯ ಚಿಮ್ಮಿ ಹೇಳುವುದಕ್ಕೆ ಸಮ, ಇಲ್ಲವೇ ಅದಕ್ಕಿಂತ ಕೂದಲೆಳೆಯಷ್ಟು ಹೆಚ್ಚು. ಆ ಕಾರ್ಯಕ್ರಮಕ್ಕೆ ಹಣವನ್ನು ಮಿತಿಗೊಳಿಸಬೇಕೆಂದು ವರದಿ ಶಿಫಾರಸು ಮಾಡಿತು.

ಒಂದು ವಾದಕ್ಕಾಗಿ, ನಮ್ಮಲ್ಲಿ ಅದಕ್ಕಿಂತ ಬಹಳ ಉತ್ತಮವಾದ ವಿಧಾನವಿದೆ, ನೂರರಲ್ಲಿ ಒಬ್ಬ ನಿರಪರಾಧಿಯ ಬಗ್ಗೆ ಮಾತ್ರ ಅದು ತಪ್ಪುತ್ತದೆ ಎಂದುಕೊಳ್ಳೋಣ. ಬೆಂಗಳೂರಿನ ಕೆಂಪೇಗೌಡ ನಿಲ್ದಾಣದಲ್ಲಿ 2023-24ರಲ್ಲಿ 3.7 ಕೋಟಿಗೂ ಹೆಚ್ಚು ಪ್ರಯಾಣಿಕರು ಓಡಾಡಿದರು. ನೂರಕ್ಕೆ ಒಂದು ಎಂದರೆ ವರ್ಷಕ್ಕೆ 3.7 ಲಕ್ಷ, ದಿನಕ್ಕೆ ಸಾವಿರ ಮಂದಿ. ದಿನಕ್ಕೆ ಸಾವಿರ ಮಂದಿಯನ್ನು ತಪ್ಪಾಗಿ ಶಂಕಿಸುವ ವಿಧಾನದಲ್ಲಿ, ಅವರ ನಡುವೆ ವರ್ಷಗಟ್ಟಲೆ ಒಬ್ಬನೂ ಅಪರಾಧಿ ಇರಲಾರ. ಸಾವಿರದಷ್ಟು ಸುಳ್ಳು ಸುಳಿವುಗಳ ನಡುವೆ ಸಿಬ್ಬಂದಿಯ ಗಮನವೇ ಮಂಕಾಗುತ್ತದೆ, ಆದ್ದರಿಂದ ಇದು ಪ್ರಯಾಣಿಕರ ಮಾನದ ಪ್ರಶ್ನೆಯಷ್ಟೇ ಅಲ್ಲ, ಭದ್ರತೆಯ ಪ್ರಶ್ನೆಯೂ ಹೌದು.

2016ರ ಮೇ ತಿಂಗಳಲ್ಲಿ ಫಿಲಡೆಲ್ಫಿಯಾದಿಂದ ಹೊರಡಬೇಕಿದ್ದ ಚಿಕ್ಕ ವಿಮಾನವೊಂದು ಎರಡು ಗಂಟೆ ನಿಂತಿತು. ಕಾರಣ, ಇಟಲಿ ಮೂಲದ ಅರ್ಥಶಾಸ್ತ್ರ ಪ್ರಾಧ್ಯಾಪಕರೊಬ್ಬರು ಹಾಳೆಯ ಮೇಲೆ ಅವಕಲ ಸಮೀಕರಣ ಬಿಡಿಸುತ್ತಿದ್ದುದು ಪಕ್ಕದವರಿಗೆ ಅಪಾಯದ ಸಂಕೇತವಾಗಿ ಕಂಡಿತ್ತು. ವಿಮಾನದಲ್ಲಿ ಉತ್ತರಪತ್ರಿಕೆ ತಿದ್ದುವ ನನಗೆ ಈ ಸುದ್ದಿ ಓದಿದಾಗ ನೋವಾಯಿತು. ತನಗೆ ಅರ್ಥವಾಗದ ಬರವಣಿಗೆಯನ್ನೆಲ್ಲ ಅಪಾಯವೆಂದು ಕಾಣುವ ಮನಸ್ಸಿಗೆ ನಮ್ಮ ಕನ್ನಡ ಲಿಪಿಯೂ ಹಾಗೆಯೇ ಕಂಡೀತು.

ತುಮಕೂರಿನವರು, ಈಗ ನ್ಯೂಜೆರ್ಸಿಯಲ್ಲಿ

ನಾನು ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ನನ್ನ ತಾಯಿಗೆ 71 ವರ್ಷ. ಕನ್ನಡ ಬಿಟ್ಟು ಬೇರೆ ಭಾಷೆ ಬಾರದು. ಕಳೆದ ಸಲ ನಮ್ಮಲ್ಲಿ ಐದು ತಿಂಗಳಿದ್ದು ಒಬ್ಬರೇ ಊರಿಗೆ ಮರಳುವಾಗ, ವಿಮಾನ ಬದಲಿಸುವ ನಿಲ್ದಾಣವೊಂದರಲ್ಲಿ ಲೋಹಶೋಧಕ ಸದ್ದು ಮಾಡಿತು. ಮಂಡಿಯ ಶಸ್ತ್ರಚಿಕಿತ್ಸೆಯ ಲೋಹಕ್ಕೆ ಅದು ಸದ್ದು ಮಾಡುತ್ತದೆಂದು ನಮಗೆ ಗೊತ್ತಿತ್ತು, ವೈದ್ಯರ ಪತ್ರವೂ ಅವರ ಕೈಯಲ್ಲಿತ್ತು. ಆದರೆ ಸಿಬ್ಬಂದಿಯ ಕಣ್ಣು ಬಿದ್ದದ್ದು ಅವರ ಕೊರಳಲ್ಲಿ ಸೆರಗಿನೊಳಗಿದ್ದ ಬೆಳ್ಳಿಯ ಕರಡಿಗೆಯ ಮೇಲೆ.

ಕರಡಿಗೆಯಲ್ಲಿ ಇಷ್ಟಲಿಂಗವಿತ್ತು. ಎಂಟನೆಯ ವಯಸ್ಸಿನಲ್ಲಿ ದೀಕ್ಷೆಯಾದಾಗಿನಿಂದ ಅದು ಅವರ ಮೈಯಿಂದ ದೂರವಾದದ್ದಿಲ್ಲ. ಹೆರಿಗೆಯಲ್ಲೂ ಅದನ್ನು ತೋಳಿಗೆ ಕಟ್ಟಿಕೊಂಡಿದ್ದರೆಂದು ಅಜ್ಜಿ ಹೇಳುತ್ತಿದ್ದರು. ಅದನ್ನು ತೆಗೆದು ಪ್ಲಾಸ್ಟಿಕ್ ಟ್ರೇಯಲ್ಲಿ, ಹಿಂದಿನವರ ಶೂಗಳ ಪಕ್ಕದಲ್ಲಿ ಇಡುವಂತೆ ಕೈಸನ್ನೆಯಲ್ಲಿ ಹೇಳಿದರು. ಅಮ್ಮ ಕರಡಿಗೆಯನ್ನು ಎರಡೂ ಕೈಯಲ್ಲಿ ಅವುಚಿಕೊಂಡು ತಲೆ ಅಲ್ಲಾಡಿಸಿದರು. ಅಲ್ಲಿಗೆ ಅವರ ಮೇಲಿನ ಅನುಮಾನ ಗಟ್ಟಿಯಾಯಿತು. ಬದಿಯ ಕೋಣೆಗೆ ಕರೆದೊಯ್ದರು. ಚೀಲದಲ್ಲಿದ್ದ ವಿಭೂತಿ ಗಟ್ಟಿಯನ್ನು ಒಡೆದು ನೋಡಿದರು, ಬಿಳಿ ಪುಡಿಯಲ್ಲವೇ. ಒಂದು ಗಂಟೆ ಕಳೆದ ಮೇಲೆ ಯಾರೋ ತೆಲುಗು ಬಲ್ಲ ಉದ್ಯೋಗಿ ಬಂದು ಅರ್ಧಂಬರ್ಧ ವಿವರಿಸಿದ ನಂತರ, ಅಮ್ಮ ತಾವೇ ಕರಡಿಗೆ ತೆರೆದು ಅಂಗೈಯಲ್ಲಿ ಲಿಂಗವನ್ನಿಟ್ಟು ತೋರಿಸಿದರು. ಅಷ್ಟಕ್ಕೇ ಎಲ್ಲ ಮುಗಿಯಿತು. ಮೊದಲ ನಿಮಿಷದಲ್ಲೇ ಹೀಗೆ ಕೇಳಿದ್ದರೆ ಅವರು ಆಗಲೇ ತೋರಿಸುತ್ತಿದ್ದರು.

ಮುಂದಿನ ವಿಮಾನವನ್ನು ಅವರು ಹೇಗೋ ಹಿಡಿದರು. ಊರಿಗೆ ಹೋಗಿ ಮೂರು ವಾರ ಈ ವಿಷಯವನ್ನೇ ನಮಗೆ ಹೇಳಲಿಲ್ಲ. ತಂಗಿಗೆ ಹೇಳಿದ್ದು ಒಂದೇ ಮಾತು, "ನಾನು ಏನು ತಪ್ಪು ಮಾಡಿದೆ ಅಂತ ಯಾರನ್ನ ಕೇಳಲಿ?"

ತಪಾಸಣೆ ಮಾಡಿದ್ದಕ್ಕೆ ನನ್ನ ಆಕ್ಷೇಪವಿಲ್ಲ. ತನಗೆ ತಿಳಿಯದ ವಸ್ತುವನ್ನು ಕಂಡಾಗ ಕೇಳಿ ತಿಳಿಯುವ ವ್ಯವಸ್ಥೆಯೇ ಇಲ್ಲದಿರುವುದು, ಭಾಷೆ ಬಾರದವರ ಮೌನವನ್ನು ಪ್ರತಿರೋಧವೆಂದು ತಿಳಿಯುವುದು ನನ್ನ ಆಕ್ಷೇಪ.

ಓದುಗರು, ದಾವಣಗೆರೆ

ತಾಯಿಯವರ ಅನುಭವ ಓದಿ ಮನಸ್ಸು ಭಾರವಾಯಿತು. ಆದರೂ ಒಂದು ಮಾತು. ಅಬ್ದುಲ್ ಕಲಾಂ ಅವರನ್ನು 2009ರಲ್ಲಿ ದೆಹಲಿಯಲ್ಲೇ ಅಮೆರಿಕದ ವಿಮಾನ ಸಂಸ್ಥೆಯೊಂದು ತಪಾಸಣೆ ಮಾಡಿತು, 2011ರಲ್ಲಿ ನ್ಯೂಯಾರ್ಕಿನಲ್ಲಿ ವಿಮಾನ ಹತ್ತಿದ ಮೇಲೂ ಅವರ ಕೋಟು ಮತ್ತು ಶೂಗಳನ್ನು ಒಯ್ದು ಪರೀಕ್ಷಿಸಿದರು. ಮಾಜಿ ರಾಷ್ಟ್ರಪತಿಗಳೇ ದೂರದೆ ಸಹಿಸಿಕೊಂಡರು. ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ರಕ್ಷಣಾ ಸಚಿವರಾಗಿದ್ದಾಗಲೇ ವಾಷಿಂಗ್ಟನ್‌ನ ನಿಲ್ದಾಣದಲ್ಲಿ ಎರಡು ಸಲ ಇಂಥ ತಪಾಸಣೆಗೆ ಒಳಗಾದರು. ಎಲ್ಲರಿಗೂ ಒಂದೇ ನಿಯಮವೆಂದಾದರೆ ಅದರಲ್ಲಿ ಅವಮಾನ ಕಾಣಬೇಕಾಗಿಲ್ಲ ಎನಿಸುತ್ತದೆ.

ಚರ್ಚೆ ಆರಂಭಿಸಿದವರು, ಮಂಗಳೂರು

ಕಲಾಂ ಅವರ ದೊಡ್ಡತನವನ್ನು ಇಲ್ಲಿ ಅಳತೆಗೋಲು ಮಾಡುವುದು ಸರಿಯಲ್ಲವೆಂದು ನನ್ನ ಭಾವನೆ. ಅವರು ದೂರಲಿಲ್ಲ, ನಿಜ, ಆದರೆ ಅವರ ಪರವಾಗಿ ಇಡೀ ಭಾರತ ಸರ್ಕಾರ ದೂರಿತು ಮತ್ತು ಕ್ಷಮಾಪಣೆ ಬಂತು. ಫರ್ನಾಂಡಿಸ್ ಅವರ ವಿಷಯ 2004ರಲ್ಲಿ ಹೊರಬಿದ್ದಾಗ ಅಮೆರಿಕದ ಉಪ ವಿದೇಶಾಂಗ ಸಚಿವ ರಿಚರ್ಡ್ ಆರ್ಮಿಟೇಜ್ ಕ್ಷಮೆ ಕೇಳಿದರು. 2010ರ ಡಿಸೆಂಬರಿನಲ್ಲಿ ಮಿಸಿಸಿಪ್ಪಿಯ ಜ್ಯಾಕ್ಸನ್ ನಿಲ್ದಾಣದಲ್ಲಿ ಸೀರೆಯುಟ್ಟಿದ್ದ ಭಾರತದ ರಾಯಭಾರಿ ಮೀರಾ ಶಂಕರ್ ಅವರನ್ನು ಮೈಮುಟ್ಟಿ ತಪಾಸಣೆ ಮಾಡಿದಾಗಲೂ ವಿಷಾದದ ಮಾತು ಬಂತು. ತುಮಕೂರಿನ ಆ ತಾಯಿಗೆ ಯಾರು ಪತ್ರ ಬರೆದರು? ನಿಯಮ ಎಲ್ಲರಿಗೂ ಒಂದೇ ಎನ್ನುವುದಾದರೆ, ತಪ್ಪಾದಾಗ ಹೇಳುವ ಮಾತೂ ಎಲ್ಲರಿಗೂ ಒಂದೇ ಆಗಬೇಕು.

ಓದುಗರು, ಚಿಕ್ಕಮಗಳೂರು

ಮೂಡಿಗೆರೆಯಲ್ಲಿ ಬೆಳೆದ ಡಾ. ಮೊಹಮ್ಮದ್ ಹನೀಫ್ ಅವರ ಪ್ರಕರಣ ಈ ಚರ್ಚೆಯಲ್ಲಿ ಬರಲೇಬೇಕು. 2007ರ ಜೂನ್ 30ರಂದು ಸ್ಕಾಟ್ಲೆಂಡಿನ ಗ್ಲಾಸ್ಗೊ ವಿಮಾನ ನಿಲ್ದಾಣಕ್ಕೆ ಉರಿಯುವ ಜೀಪನ್ನು ನುಗ್ಗಿಸಿದ ಕಫೀಲ್ ಅಹಮದ್ ಬೆಂಗಳೂರಿನವನು, ಹನೀಫ್ ಅವರ ದೂರದ ಸೋದರಸಂಬಂಧಿ. ಹನೀಫ್ ಆಗ ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟ್ ಆಸ್ಪತ್ರೆಯಲ್ಲಿ ವೈದ್ಯರಾಗಿದ್ದರು. ಜುಲೈ 2ರಂದು ಬ್ರಿಸ್ಬೇನ್ ನಿಲ್ದಾಣದಲ್ಲಿ, ಬೆಂಗಳೂರಿಗೆ ಒಂದೇ ಬದಿಯ ಟಿಕೆಟ್ ಹಿಡಿದಿದ್ದ ಅವರನ್ನು ಬಂಧಿಸಿದರು. ಅವರ ಹೆಂಡತಿ ಬೆಂಗಳೂರಿನಲ್ಲಿ ಕೆಲವೇ ದಿನಗಳ ಹಿಂದೆ ಹೆಣ್ಣುಮಗುವನ್ನು ಹೆತ್ತಿದ್ದರು. ಮಗುವನ್ನು ನೋಡಲು ಹೊರಟ ತಂದೆಯ ಅವಸರ ತನಿಖೆಯವರಿಗೆ ಓಡಿಹೋಗುವವನ ಅವಸರವಾಗಿ ಕಂಡಿತು.

ಇಂಗ್ಲೆಂಡ್ ಬಿಡುವಾಗ ಹನೀಫ್ ತಮ್ಮ ಸಿಮ್ ಕಾರ್ಡನ್ನು ಕಫೀಲನ ತಮ್ಮನಿಗೆ ಕೊಟ್ಟು ಬಂದಿದ್ದರು. ಆ ಸಿಮ್ ಗ್ಲಾಸ್ಗೊದ ಸುಟ್ಟ ಜೀಪಿನಲ್ಲಿ ಸಿಕ್ಕಿತೆಂದು ನ್ಯಾಯಾಲಯಕ್ಕೆ ಹೇಳಲಾಯಿತು. ವಾಸ್ತವದಲ್ಲಿ ಅದು ಸಿಕ್ಕಿದ್ದು ನೂರಾರು ಕಿಲೋಮೀಟರ್ ದೂರದ ಲಿವರ್‌ಪೂಲಿನಲ್ಲಿ. ಆರೋಪ ಹೊರಿಸದೆಯೇ 12 ದಿನ ಇಟ್ಟುಕೊಂಡರು. ನ್ಯಾಯಾಲಯ ಜಾಮೀನು ಕೊಟ್ಟ ದಿನವೇ ವಲಸೆ ಸಚಿವರು ವೀಸಾ ರದ್ದುಮಾಡಿದರು. ಜುಲೈ 27ರಂದು ಮೊಕದ್ದಮೆ ಬಿದ್ದುಹೋಯಿತು, 29ರಂದು ಅವರು ಬೆಂಗಳೂರು ತಲುಪಿದರು.

ಇಷ್ಟಾದ ಮೇಲೆ ನಡೆದದ್ದನ್ನೂ ಹೇಳಬೇಕು, ಏಕೆಂದರೆ ಆರಂಭದ ಪ್ರಶ್ನೆಗೆ ಉತ್ತರ ಅಲ್ಲಿದೆ. ಹೊಸ ಸರ್ಕಾರ ನಿವೃತ್ತ ನ್ಯಾಯಾಧೀಶ ಜಾನ್ ಕ್ಲಾರ್ಕ್ ಅವರಿಂದ ವಿಚಾರಣೆ ಮಾಡಿಸಿತು. ಆರೋಪ ಹೊರಿಸುವುದಕ್ಕೆ ಬೇಕಾದ ಸಾಕ್ಷ್ಯವೇ ಇರಲಿಲ್ಲವೆಂದು 2008ರ ವರದಿ ತೀರ್ಮಾನಿಸಿತು. 2010ರ ಡಿಸೆಂಬರಿನಲ್ಲಿ ಪರಿಹಾರವೂ ಸಿಕ್ಕಿತು, ಕ್ಷಮಾಪಣೆಯೂ ಬಂತು. ಮೂರೂವರೆ ವರ್ಷ ಹಿಡಿಯಿತು. ಅಲ್ಲಿನ ವಕೀಲರು, ಪತ್ರಕರ್ತರು ಪರಕೀಯನೊಬ್ಬನಿಗಾಗಿ ಅಷ್ಟು ಹಟ ಹಿಡಿದದ್ದನ್ನು ನಾವು ಕೃತಜ್ಞತೆಯಿಂದ ನೆನೆಯಬೇಕು.

ಮಂಗಳೂರಿನವರು, ಸೌದಿ ಅರೇಬಿಯಾದ ದಮ್ಮಾಮ್‌ನಲ್ಲಿ ಉದ್ಯೋಗಿ

ನಾನು ವರ್ಷಕ್ಕೆ ಎರಡು ಸಲ ಊರಿಗೆ ಬರುತ್ತೇನೆ. ಹದಿನಾರು ವರ್ಷಗಳಲ್ಲಿ ನಾನು ಕಲಿತದ್ದನ್ನು ಹೇಳುತ್ತೇನೆ. ಸರದಿಯಲ್ಲಿ ನಿಂತಾಗ ಮನೆಗೆ ಫೋನ್ ಮಾಡುವುದಿಲ್ಲ, ಮಾಡಿದರೆ ಬ್ಯಾರಿ ಭಾಷೆ ಆಡದೆ ಕನ್ನಡದಲ್ಲೇ ಮಾತು ಮುಗಿಸುತ್ತೇನೆ. ತಸ್ಬಿಯನ್ನು, ಅಂದರೆ ಜಪಮಣಿಗಳ ಮಾಲೆಯನ್ನು, ಕಿಸೆಯಿಂದ ತೆಗೆಯುವುದಿಲ್ಲ. ಹಾರುವ ಮೊದಲು ಪ್ರಾರ್ಥನೆಯನ್ನು ತುಟಿ ಅಲುಗದಂತೆ ಮನಸ್ಸಿನಲ್ಲೇ ಹೇಳಿಕೊಳ್ಳುತ್ತೇನೆ. ಎರಡು ಗಂಟೆ ಹೆಚ್ಚು ಸಮಯ ಇಟ್ಟುಕೊಂಡೇ ಮನೆ ಬಿಡುತ್ತೇನೆ.

ನಾಲ್ಕು ವರ್ಷದ ಹಿಂದೆ ತಾಯಿಗಾಗಿ ಇನ್ಸುಲಿನ್ ತರುತ್ತಿದ್ದೆ. ತಂಪಿನ ಡಬ್ಬಿಯಲ್ಲಿ ಜೆಲ್ ಪೊಟ್ಟಣಗಳಿದ್ದವು, ವೈದ್ಯರ ಚೀಟಿಯೂ ಇತ್ತು. ನನ್ನ ಮುಂದಿದ್ದ ಹಿರಿಯರೂ ಅಂಥದೇ ಡಬ್ಬಿ ಹಿಡಿದಿದ್ದರು, ಅವರ ಚೀಟಿ ನೋಡಿ ಬಿಟ್ಟರು. ನನ್ನನ್ನು ಬದಿಗೆ ನಿಲ್ಲಿಸಿ ಯಾರ ಔಷಧಿ, ಏಕೆ ಅಲ್ಲಿಂದ ತರುತ್ತೀರಿ, ಅಲ್ಲಿ ಯಾರ ಪರಿಚಯವಿದೆ ಎಂದು ಒಂದೂವರೆ ಗಂಟೆ ಕೇಳಿದರು. ಜೆಲ್ ಪೊಟ್ಟಣಗಳನ್ನು ಬಿಸಾಡಿಸಿದರು. ಮನೆ ತಲುಪುವ ಹೊತ್ತಿಗೆ ಆ ಔಷಧಿ ಬಳಸುವ ಸ್ಥಿತಿಯಲ್ಲಿರಲಿಲ್ಲ.

ಯಾರೂ ನನ್ನನ್ನು ಬೈಯಲಿಲ್ಲ, ಹೊಡೆಯಲಿಲ್ಲ. ಹಾಗಾಗಿ ದೂರು ಕೊಡಲು ಏನಿದೆ ಎಂದು ನನಗೇ ಅನಿಸಿತು. ಆದರೆ ಹತ್ತು ವರ್ಷದ ಮಗ ನನ್ನ ಜೊತೆಗಿದ್ದ. ಈಗ ಪ್ರತಿ ಪ್ರಯಾಣದ ಹಿಂದಿನ ರಾತ್ರಿ ಅವನೇ ನನಗೆ ಗಡ್ಡ ತೆಗೆಯಲು ನೆನಪಿಸುತ್ತಾನೆ.

ವಕೀಲರು, ಹುಬ್ಬಳ್ಳಿ

ಕಾನೂನಿನ ಸ್ಥಿತಿಯನ್ನು ಸಾಧ್ಯವಾದಷ್ಟು ಸರಳವಾಗಿ ಹೇಳುತ್ತೇನೆ. ವಿಮಾನದ ಸುರಕ್ಷತೆಗೆ ಅಪಾಯವೆಂದು ನಂಬಲು ಸಕಾರಣವಿದ್ದರೆ ಪ್ರಯಾಣಿಕನನ್ನು ಇಳಿಸುವ ಅಧಿಕಾರವನ್ನು 1963ರ ಟೋಕಿಯೊ ಒಪ್ಪಂದ ಮುಖ್ಯ ಪೈಲಟ್‌ಗೆ ಕೊಟ್ಟಿದೆ, ಹಾಗೆ ಇಳಿಸಿದ್ದಕ್ಕೆ ಮೊಕದ್ದಮೆಯಿಂದ ರಕ್ಷಣೆಯನ್ನೂ ಕೊಟ್ಟಿದೆ. ಇಲ್ಲಿ "ಸಕಾರಣ" ಎಂಬ ಪದವೇ ಮುಖ್ಯ. ಈಜಿಪ್ಟ್ ಮೂಲದ ಪ್ರಯಾಣಿಕರನ್ನು 2003ರಲ್ಲಿ ನೆವಾಡದ ರೀನೊದಲ್ಲಿ ಇಳಿಸಿದ ಪ್ರಕರಣದಲ್ಲಿ, ಪೈಲಟ್‌ಗೆ ಹಾಗೆ ಅನಿಸಿತೆಂಬುದಷ್ಟೇ ಸಾಲದು, ಆ ಅನಿಸಿಕೆ ನಿಜವಾಗಿಯೂ ಸಕಾರಣವಾಗಿತ್ತೇ ಎಂದು ನೋಡಬೇಕೆಂದು ಅಮೆರಿಕದ ಮೇಲ್ಮನವಿ ನ್ಯಾಯಾಲಯವೊಂದು 2010ರಲ್ಲಿ ಹೇಳಿತು.

ನಮ್ಮಲ್ಲಿರುವ ಒಂದು ವಿಚಿತ್ರ ಸ್ಥಿತಿ ನನ್ನನ್ನು ಬಹಳ ಕಾಡುತ್ತದೆ. 2017ರಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ದುರ್ವರ್ತನೆ ತೋರುವ ಪ್ರಯಾಣಿಕರ ನಿಷೇಧ ಪಟ್ಟಿಯ ನಿಯಮ ತಂದಿತು. ಸಿಬ್ಬಂದಿಯ ಮೇಲೆ ಕೈಮಾಡಿದವನ ಪ್ರಕರಣವನ್ನೂ ನಿವೃತ್ತ ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ಸಮಿತಿ ವಿಚಾರಿಸುತ್ತದೆ, ಅದರ ಮೇಲೆ ಮೇಲ್ಮನವಿಯ ಅವಕಾಶವೂ ಇದೆ. ಬೇಕಾದದ್ದೇ. ಆದರೆ ಏನೂ ಮಾಡದೆ ಬರೀ ಅನುಮಾನದ ಮೇಲೆ ವಿಮಾನ ತಪ್ಪಿಸಿಕೊಂಡವನಿಗೆ ಅಂಥ ಸಮಿತಿಯಿಲ್ಲ. ವಿಳಂಬ ಮತ್ತು ರದ್ದತಿಯ ಪರಿಹಾರದ ನಿಯಮಗಳಲ್ಲೂ ಭದ್ರತೆಯ ಅಪಾಯವನ್ನು ಸಂಸ್ಥೆಯ ಹತೋಟಿ ಮೀರಿದ ಕಾರಣವೆಂದು ಹೊರಗಿಡಲಾಗಿದೆ. ಅಪರಾಧ ಮಾಡಿದವನಿಗಿರುವ ವಿಚಾರಣೆಯ ಹಕ್ಕು ನಿರಪರಾಧಿಗಿಲ್ಲ.

ನ್ಯಾಯಾಲಯಕ್ಕೆ ಹೋದವರಿಗೆ ಸಿಕ್ಕಿದ್ದೂ ಉಂಟು. 2012ರ ಫೆಬ್ರವರಿಯಲ್ಲಿ ಸೆರೆಬ್ರಲ್ ಪಾಲ್ಸಿ, ಅಂದರೆ ಮಿದುಳಿನ ತೊಂದರೆಯಿಂದ ಅಂಗಗಳ ಚಲನೆಗೆ ಹತೋಟಿ ತಪ್ಪುವ ವೈಕಲ್ಯ, ಇರುವ ಜೀಜಾ ಘೋಷ್ ಅವರನ್ನು, ಗೋವಾದ ಸಮ್ಮೇಳನವೊಂದಕ್ಕೆ ಹೊರಟಿದ್ದಾಗ, ಕೋಲ್ಕತ್ತದಲ್ಲಿ ವಿಮಾನದಿಂದ ಇಳಿಸಿದರು. ಅವರನ್ನು ಒಂದು ಮಾತು ಕೇಳಲಿಲ್ಲ, ವೈದ್ಯರನ್ನೂ ಕರೆಸಲಿಲ್ಲ, ನೋಡಿದ ಮಾತ್ರಕ್ಕೇ ತೀರ್ಮಾನಿಸಿದರು. 2016ರ ಮೇ 12ರಂದು ಸರ್ವೋಚ್ಚ ನ್ಯಾಯಾಲಯ 10 ಲಕ್ಷ ರೂಪಾಯಿ ಪರಿಹಾರ ಕೊಡಿಸಿ, ಮನುಷ್ಯನ ಘನತೆಯ ಬಗ್ಗೆ ದೀರ್ಘವಾಗಿ ಬರೆಯಿತು. ಇದು ಭಯೋತ್ಪಾದನೆಯ ಶಂಕೆಯಲ್ಲ, ನಿಜ. ಆದರೆ ಕೇಳದೆ, ನೋಡಿದಷ್ಟಕ್ಕೆ ನಿರ್ಧರಿಸುವ ದೋಷ ಅದೇ. ದಮ್ಮಾಮ್‌ನ ಸಹೋದರರು ದೂರು ಕೊಡಲು ಏನಿದೆ ಎಂದಿದ್ದಾರೆ. ಒಂದೇ ವಸ್ತು, ಇಬ್ಬರು ಪ್ರಯಾಣಿಕರು, ಎರಡು ನಡವಳಿಕೆ, ದೂರಿಗೆ ಇಷ್ಟು ಸಾಕು. ದಿನಾಂಕ, ಸಮಯ, ಸಾಲಿನ ಸಂಖ್ಯೆಯನ್ನು ಅಂದೇ ಬರೆದಿಟ್ಟುಕೊಳ್ಳಿ.

ಇನ್ನೊಂದು ಪ್ರಕರಣ ಹೇಳಿ ಮುಗಿಸುತ್ತೇನೆ. ಸ್ಟ್ಯಾನ್‌ಫರ್ಡಿನಲ್ಲಿ ಸಂಶೋಧನೆ ಮಾಡುತ್ತಿದ್ದ ಮಲೇಷ್ಯಾದ ವಿದ್ಯಾರ್ಥಿನಿಯೊಬ್ಬರನ್ನು 2005ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಿಲ್ದಾಣದಲ್ಲಿ, ಗಾಲಿಕುರ್ಚಿಯಲ್ಲಿದ್ದಾಗಲೇ, ಬೇಡಿ ತೊಡಿಸಿ ಕರೆದೊಯ್ದರು. ಅವರ ಹೆಸರು ವಿಮಾನ ನಿಷೇಧ ಪಟ್ಟಿಯಲ್ಲಿತ್ತು. ಅದು ಹೇಗೆ ಸೇರಿತೆಂದು ತಿಳಿಯಲು ಒಂಬತ್ತು ವರ್ಷ ಹೋರಾಡಬೇಕಾಯಿತು. ಎಫ್‌ಬಿಐ ಅಧಿಕಾರಿಯೊಬ್ಬರು 2004ರಲ್ಲಿ ನಮೂನೆಯೊಂದನ್ನು ತುಂಬುವಾಗ ಸೂಚನೆಯನ್ನು ತಿರುವುಮುರುವಾಗಿ ಓದಿ ತಪ್ಪು ಚೌಕಗಳಿಗೆ ಗುರುತು ಹಾಕಿದ್ದರು. ಆ ತಪ್ಪನ್ನು ದಾಖಲೆಗಳಿಂದ ಅಳಿಸಬೇಕೆಂದು 2014ರಲ್ಲಿ ಆದೇಶವಾಯಿತು.

ನಿವೃತ್ತ ಭದ್ರತಾ ಅಧಿಕಾರಿ, ಮೈಸೂರು

ಎಲ್ಲವನ್ನೂ ಓದಿದೆ. ನನ್ನ ಮೊದಲ ಮಾತನ್ನು ಪೂರ್ತಿ ಹಿಂತೆಗೆದುಕೊಳ್ಳುವುದಿಲ್ಲ, ಆದರೆ ಒಂದನ್ನು ಒಪ್ಪುತ್ತೇನೆ. ನನ್ನ ಸೇವೆಯಲ್ಲಿ ನೂರಾರು ಮಂದಿಯನ್ನು ಬದಿಗೆ ಕರೆದು ವಿಚಾರಿಸಿದ್ದೇನೆ. ವಿಚಾರಣೆ ಮುಗಿದ ಮೇಲೆ ಬಹುತೇಕರಿಗೆ ಬಾಯಲ್ಲಿ "ನೀವು ಹೋಗಬಹುದು" ಎಂದಷ್ಟೇ ಹೇಳಿದ್ದೇನೆ. ಕಾಗದ ಕೊಟ್ಟದ್ದಿಲ್ಲ. ನಮ್ಮ ದಾಖಲೆಯಲ್ಲಿ ತಡೆದದ್ದರ ನಮೂದು ಇರುತ್ತಿತ್ತು, ಏನೂ ಸಿಗಲಿಲ್ಲವೆಂಬ ಮಾತು ಆ ವ್ಯಕ್ತಿಯ ಕೈಗೆ ಸೇರುತ್ತಿರಲಿಲ್ಲ. ಅವರು ಮುಂದಿನ ನಿಲ್ದಾಣದಲ್ಲಿ ಮತ್ತೆ ಮೊದಲಿನಿಂದ ಶುರುಮಾಡಬೇಕು. ಇದು ಬದಲಾಗುವುದಕ್ಕೆ ದೊಡ್ಡ ಖರ್ಚೇನೂ ಬೇಡ. ತಡೆದ ಕಾರಣ, ಎಷ್ಟು ಹೊತ್ತು ತಡೆದದ್ದು, ತಪಾಸಣೆಯಲ್ಲಿ ಆಕ್ಷೇಪಾರ್ಹವಾದದ್ದು ಏನೂ ಸಿಗಲಿಲ್ಲವೆಂಬ ಸಾಲು, ಅಧಿಕಾರಿಯ ಸಹಿ, ಇಷ್ಟಿರುವ ಅರ್ಧ ಹಾಳೆ ಸಾಕು. ಸಹಿ ಹಾಕಬೇಕೆಂದಾದರೆ ತಡೆಯುವ ಮೊದಲು ಅಧಿಕಾರಿಯೂ ಒಂದು ಕ್ಷಣ ಯೋಚಿಸುತ್ತಾನೆ. ನಾನಂತೂ ಯೋಚಿಸುತ್ತಿದ್ದೆ.

ನಿಯಮಗಳು ಶಾಶ್ವತವಲ್ಲವೆಂಬುದಕ್ಕೂ ಉದಾಹರಣೆಯಿದೆ. 2001ರ ಡಿಸೆಂಬರಿನಲ್ಲಿ ಒಬ್ಬ ಶೂ ಒಳಗೆ ಸ್ಫೋಟಕ ಇಟ್ಟುಕೊಂಡು ಬಂದ. ಆ ಕಾರಣಕ್ಕೆ ಅಮೆರಿಕದಲ್ಲಿ 2006ರಿಂದ ಎಲ್ಲರೂ ಶೂ ಬಿಚ್ಚಬೇಕಾಯಿತು. 2025ರ ಜುಲೈನಲ್ಲಿ ಆ ನಿಯಮವನ್ನು ತೆಗೆದರು. ನಮ್ಮಲ್ಲಿ ಕೈಚೀಲದ ಚೀಟಿಗೆ ಮುದ್ರೆ ಒತ್ತುವ ಪದ್ಧತಿಯನ್ನು 2017ರಿಂದ ಬಿಟ್ಟರು. ಶಬರಿಮಲೆ ಯಾತ್ರಿಕರು ಇರುಮುಡಿಯ ತುಪ್ಪದ ಕಾಯಿಯನ್ನು ಒಳಗೆ ಒಯ್ಯಲು 2024ರಲ್ಲಿ ವಿಶೇಷ ಅನುಮತಿ ಕೊಟ್ಟರು. ತಿಳಿದು ಕೇಳಿದರೆ ದಾರಿ ಸಿಗುತ್ತದೆ.

ನ್ಯೂಜೆರ್ಸಿಯವರಿಗೆ: ಪೂಜ್ಯ ವಸ್ತುವನ್ನು ಸಿಬ್ಬಂದಿ ಮುಟ್ಟದೆ ಪ್ರಯಾಣಿಕರೇ ಕೈಯಲ್ಲಿ ಹಿಡಿದು ತೋರಿಸುವಂತೆ, ಖಾಸಗಿ ಕೋಣೆಯಲ್ಲಿ ಜೊತೆಗೊಬ್ಬರನ್ನು ಇಟ್ಟುಕೊಂಡು ತಪಾಸಣೆ ಮಾಡುವಂತೆ ಕೋರಲು ಅವಕಾಶವಿದೆ. ಅಮೆರಿಕದಲ್ಲಿ ಪ್ರಯಾಣಕ್ಕೆ 72 ಗಂಟೆ ಮೊದಲು ಕರೆ ಮಾಡಿದರೆ ಟಿಎಸ್‌ಎ ಕೇರ್ಸ್ ಎಂಬ ವ್ಯವಸ್ಥೆಯವರು ನೆರವು ಏರ್ಪಡಿಸುತ್ತಾರೆ. ತಾಯಿಯವರಿಗೆ ನನ್ನ ನಮಸ್ಕಾರ ತಿಳಿಸಿ.

ತುಮಕೂರಿನವರು, ಈಗ ನ್ಯೂಜೆರ್ಸಿಯಲ್ಲಿ

ಹಿರಿಯರಿಗೆ ಧನ್ಯವಾದಗಳು. ನಿಮ್ಮ ಬರಹವನ್ನು ನಿನ್ನೆ ಅಮ್ಮನಿಗೆ ಫೋನಿನಲ್ಲಿ ಓದಿ ಹೇಳಿದೆ. ಇನ್ನು ಬರುವುದಿಲ್ಲವೆಂದು ಹೇಳಿಬಿಟ್ಟಿದ್ದವರು ಮೊಮ್ಮಗಳ ಹೆರಿಗೆಗೆ ಬರಲು ಒಪ್ಪಿದ್ದಾರೆ. ಈ ಸಲ ತಂಗಿ ಜೊತೆಗಿರುತ್ತಾಳೆ. ಪಾಸ್‌ಪೋರ್ಟಿನೊಳಗೆ ಇಡಲು ಇಂಗ್ಲಿಷಿನಲ್ಲಿ ಒಂದು ಚೀಟಿ ಸಿದ್ಧಪಡಿಸುತ್ತಿದ್ದೇವೆ, ಅದರ ಕನ್ನಡದ ಮಾತನ್ನು ಅಮ್ಮ ತಾವೇ ಬರೆಸಿದರು: "ಇದು ನನ್ನ ಇಷ್ಟಲಿಂಗ. ನನ್ನ ಕೈಯಲ್ಲಿಟ್ಟು ತೋರಿಸುತ್ತೇನೆ, ಎಷ್ಟು ಹೊತ್ತು ಬೇಕಾದರೂ ನೋಡಿ. ಟ್ರೇಯಲ್ಲಿ ಇಡಲಾರೆ. ಏನಾದರೂ ಕೇಳಬೇಕಿದ್ದರೆ ಕನ್ನಡ ಬಲ್ಲವರನ್ನು ಕರೆಸಿ, ಕಾಯುತ್ತೇನೆ."